ವೆಂಕಟನ ಬೈಬಲು

ಪುಸ್ತಕ ಇರಲಿಲ್ಲ. ಅದಕ್ಕೆ ಸುತ್ತಿದ್ದ, ಹೆಗಲಿಗೆ ಹಾಕುವ ಕೆಂಪು ಬೈರಾಸು ಮಾತ್ರ ಮೇಜಿನ ಮೇಲಿತ್ತು.

ಲೀಲಾಧರ ಮಾಷ್ಟ್ರು ಮೊದಲು ಮೇಜಿನ ಕೆಳಗೆ ನೋಡಿದರು. ಆಮೇಲೆ ಕಪಾಟಿನಲ್ಲಿ. ಆಮೇಲೆ, ಅಲ್ಲಿರಲು ಸಾಧ್ಯವೇ ಇಲ್ಲವೆಂದು ಗೊತ್ತಿದ್ದೂ, ಕಿಟಕಿಯ ಹೊರಗೆ. ಹೊರಗೆ ಕೋಟೇಶ್ವರದ ಹೆದ್ದಾರಿ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಒಂದು ಖಾಸಗಿ ಬಸ್ಸು ಹಾರ್ನ್ ಹಾಕುತ್ತ ಕುಂದಾಪುರದ ಕಡೆಗೆ ಹೋಯಿತು.

ಹತ್ತು ಗಂಟೆಗೆ ಚರ್ಚೆ ಇತ್ತು. ಹೊಲಿಗೆ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಓದುಗರ ಕೂಟ ತಿಂಗಳಿಗೊಮ್ಮೆ ಸೇರುತ್ತಿತ್ತು. ಈ ಸಲದ ವಿಷಯ ಹಲಗೆಯ ಮೇಲೆ ಮಾಷ್ಟ್ರ ಕೈಬರಹದಲ್ಲಿತ್ತು: ‘ಬೈಬಲಿನ ಸಾಕ್ಷಿಯನ್ನು ನಂಬಬಹುದೆ?’ ನಂಬಲಾಗದು ಎನ್ನಲು ನಿವೃತ್ತ ಇತಿಹಾಸ ಅಧ್ಯಾಪಕ ಲೀಲಾಧರ. ನಂಬಬಹುದು ಎನ್ನಲು ಬ್ರಹ್ಮಾವರದ ಸುಜನ್, ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್.

ಜನ ಬರಲಿದ್ದದ್ದು ಚರ್ಚೆಗಲ್ಲ. ಪುಸ್ತಕಕ್ಕೆ.

ಅದು ವೆಂಕಟನ ಬೈಬಲು. ಬೀಜಾಡಿಯ ವೆಂಕಟ ದೋಣಿಯವ. ಮೂರು ತಿಂಗಳ ಹಿಂದೆ ಸುಜನ್ ಕೆಲಸ ಮಾಡುವ ವಾರ್ಡಿನಲ್ಲೇ ಸತ್ತ. ಕೊನೆಯ ಎರಡು ತಿಂಗಳು ಆ ಪುಸ್ತಕ ಓದುತ್ತ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತ ಕಳೆದಿದ್ದ. ಅವನ ತಮ್ಮ ಚಂದ್ರ ಅದರ ಒಂದೇ ಒಂದು ಪುಟ ಓದಿದ, ಫೋಟೋ ತೆಗೆದು ಎಲ್ಲರಿಗೂ ವಾಟ್ಸಾಪ್ ಮಾಡಿದ, ಸುಜನ್ ಮೇಲೆ ದೂರು ಟೈಪು ಮಾಡಿಸಿದ. ಮಲಗಿದಲ್ಲಿದ್ದ ರೋಗಿಗೆ ಪುಸ್ತಕ ತುರುಕಿ ಮತ ಬದಲಿಸಿದ್ದಾನೆ ಎಂದು ಆರೋಪ. “ನಾನು ತುರುಕಿದ್ದಲ್ಲ, ಅವರೇ ಕೇಳಿದ್ದು” ಎಂದು ಸುಜನ್ ಹೇಳುತ್ತಲೇ ಇದ್ದ. ಯಾರೂ ನಂಬಲಿಲ್ಲ. ದೂರು ಸ್ಟೇಷನ್ನಿಗೆ ಹೋದರೆ ಅವನ ಕೆಲಸ ಹೋಗುತ್ತಿತ್ತು. ಅದನ್ನು ಆಸ್ಪತ್ರೆಯವರು ಆಗಲೇ ಬಾಯಿಮಾತಿನಲ್ಲಿ ತಿಳಿಸಿದ್ದರು.

ಮಾಷ್ಟ್ರು ನಡುವೆ ಬಂದು ಒಪ್ಪಿಸಿದ್ದು ಇಷ್ಟು: ಭಾನುವಾರ ಎಲ್ಲರೆದುರು ಅಂಚಿನ ಬರಹವನ್ನೆಲ್ಲ ಓದುವುದು. ಸುಜನ್‌ನ ಮಾತು ನಿಜವೆಂದು ಕಂಡರೆ ದೂರನ್ನು ಹರಿದುಹಾಕುವುದು. ಇಲ್ಲದಿದ್ದರೆ ಪುಸ್ತಕ, ದೂರು ಎರಡೂ ಸ್ಟೇಷನ್ನಿಗೆ. ವೆಂಕಟನ ಹೆಂಡತಿ ವನಜ ನಿನ್ನೆ ಸಂಜೆ ಪುಸ್ತಕವನ್ನು ಗಂಡನ ಬೈರಾಸಿನಲ್ಲಿ ಸುತ್ತಿ, ಗಂಟು ಹಾಕಿ ತಂದುಕೊಟ್ಟಿದ್ದಳು.

ಒಂಬತ್ತೂವರೆಗೆ ಕೋಣೆಯಲ್ಲಿ ಐದು ಜನ. ಮಾಷ್ಟ್ರು, ಸುಜನ್, ಚಂದ್ರ. ಮಾರ್ಕೆಟ್ಟಿನಿಂದ ಹೇಳಿಕಳಿಸಿ ಕರೆಸಿದ ವನಜ. ಬಾಗಿಲ ಹತ್ತಿರದ ಬೆಂಚಿನಲ್ಲಿ, ನೀಲಿ ಪ್ಲಾಸ್ಟಿಕ್ ಮುಚ್ಚಿದ ಮೀನಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು. ಐದನೆಯವರು ಯಡ್ತರೆಯ ಕುಸುಮಾವತಿ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಪ್ರತಿ ಚರ್ಚೆಗೂ ಬಸ್ಸಿನಲ್ಲಿ ಬಂದು, ಹಿಂದಿನ ಸಾಲಿನಲ್ಲಿ ಕೂತು, ಒಂದು ಮಾತೂ ಆಡದೆ ಹೋಗುವವರು.

“ಹ್ವಾಯ್ ಕುಸುಮಕ್ಕ, ನೀವೇ ಹೇಳಿ,” ಎಂದ ಚಂದ್ರ. “ಪುಸ್ತಕ ಇಲ್ದಿರೆ ಲಾಭ ಯಾರಿಗೆ? ಇವ್ನಿಗೇ ಅಲ್ದಾ?”

“ಲಾಭದ್ ಮಾತ್ ಕಡೀಗೆ ಕಾಂಬ. ಬೈರಾಸ್ ಯಾರಾರೂ ಮುಟ್ಟಿದ್ರಾ?”

“ಇಲ್ಲ. ಹೀಗೆಯೇ ಇತ್ತು,” ಎಂದರು ಮಾಷ್ಟ್ರು.

ಬೈರಾಸನ್ನು ಹುರಿಯಂತೆ ತಿರುಚಿ, ದುಂಡಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಲಾಗಿತ್ತು. ದಪ್ಪ ಬಳೆಯ ಹಾಗೆ. ನಡುವೆ ತೂತು.

“ಕಾಣಿ, ಮುಳ್ಳಿನ್ ಕಿರೀಟ,” ಎಂದ ಚಂದ್ರ. “ಅವ್ರ್ ದೇವ್ರ್ ತಲೆ ಮೇಲೆ ಇಪ್ದ್. ಗುರ್ತ್ ಬಿಟ್ಟಿದ್ದ.”

“ಕದ್ದವನು ತನ್ನದೇ ಗುರುತು ಬಿಟ್ಟು ಹೋಗ್ತಾನಾ ಮಾರಾಯ?” ಎಂದ ಸುಜನ್.

ಮಾಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. “ನನಗೆ ಸೊನ್ನೆ ಕಾಣುತ್ತದೆ. ನಾಸ್ತಿಕನ ಮೇಜಿನ ಮೇಲೆ ಒಂದು ಸೊನ್ನೆ. ಯಾರೋ ನನ್ನನ್ನು ಗೇಲಿ ಮಾಡಿದ್ದಾರೆ.”

ಕುಸುಮಾವತಿ ಇಬ್ಬರನ್ನೂ ನೋಡಿದರು. “ಆಯ್ತ್. ಒಬ್ಬೊಬ್ರೇ ಹೇಳಿ. ಮಾಷ್ಟ್ರೆ?”

“ಎಂಟಕ್ಕೆ ಬಾಗಿಲು ತೆಗೆದೆ. ಕಪಾಟಿನಿಂದ ಗಂಟು ತೆಗೆದು ಮೇಜಿನ ಮೇಲಿಟ್ಟೆ. ಕೆಳಗೆ ಹೋಟೆಲಿಗೆ ತಿಂಡಿಗೆ ಹೋದೆ. ಒಂಬತ್ತಕ್ಕೆ ಬಂದೆ. ಇದು.”

“ಬಾಗ್ಲ್ ಹಾಕ್ಲಿಲ್ಯಾ?”

“ಬೈಬಲನ್ನು ಯಾರು ಕದಿಯುತ್ತಾರೆ?”

“ಸುಜನ್?”

“ಎಂಟೂಕಾಲಿಗೆ ಬಂದೆ. ರಾತ್ರಿ ಪಾಳಿ ಮುಗಿಸಿ ನೇರ. ಮಾಷ್ಟ್ರು ಇರಲಿಲ್ಲ. ಗಂಟು ಇತ್ತು, ಬಿಚ್ಚಿರಲಿಲ್ಲ. ಕೆಂಪು ಬೈರಾಸು. ವಾರ್ಡಿನಲ್ಲಿ ಮಂಚದ ಕಂಬಿಗೆ ಯಾವಾಗಲೂ ನೇತು ಹಾಕಿರುತ್ತಿದ್ದರು, ಅದೇ. ಎರಡು ನಿಮಿಷ ನಿಂತು ಹೋದೆ.”

“ಎಂತಕೆ ನಿಂತದ್ದ್?”

“ಹೆದರಿಕೆ,” ಎಂದ ಸುಜನ್. “ಅದರಲ್ಲಿ ಏನು ಬರೆದಿದ್ದಾರೆಂದು ನನಗೂ ಗೊತ್ತಿಲ್ಲವಲ್ಲ.”

“ಕಂಡ್ರಿಯಾ!” ಎಂದ ಚಂದ್ರ.

“ನಿನ್ ಸರದಿ, ಚಂದ್ರ.”

“ಎಂಟು ಮುಕ್ಕಾಲು. ಮೇಜಿನ್ ಮೇಲೆ ಅಣ್ಣನ್ ಬೈರಾಸ್ ಇತ್ತ್, ಇದೇ ತರ ದುಂಡಗೆ. ಪುಸ್ತಕ ಇಲ್ಲ. ಮಾಷ್ಟ್ರು ಓದೂಕೆ ತಕಂಡ್ ಹೋಯ್ರ್ ಅಂದ್ ಗ್ರೇಶ್ದೆ.”

“ವನಜಾ?”

ವನಜ ಬುಟ್ಟಿಯ ಅಂಚು ಹಿಡಿದುಕೊಂಡಳು. “ಎಂಟೂವರೆಗ್ ಬಂದಿದ್ದೆ. ಬಾಗ್ಲಲ್ ನಿಂತ್ ಕಂಡೆ. ಯಾರೂ ಇರ್ಲಿಲ್ಲ. ಮಾರ್ಕೆಟಿಗೆ ಹೋದೆ.”

“ಅಷ್ಟೇಯಾ?”

“ಅಷ್ಟೇ.”

ಮಾಷ್ಟ್ರು ನಕ್ಕರು. “ನನ್ನ ವಾದವೇ ಇದು, ನೋಡಿ. ಒಂದು ಕೋಣೆ, ಒಂದು ಗಂಟೆ, ಮೂವರ ಮಾತು ಮೂರು ಥರ. ಎರಡು ಸಾವಿರ ವರ್ಷದ ಹಿಂದೆ ಯೇಸುವಿನ ಕತೆ ಬರೆದ ನಾಲ್ಕು ಜನರನ್ನು ನಂಬಬೇಕಂತೆ! ಸಮಾಧಿಗೆ ಹೋದ ಹೆಂಗಸರು ಮತ್ತಾಯನಲ್ಲಿ ಇಬ್ಬರು, ಮಾರ್ಕನಲ್ಲಿ ಮೂವರು, ಯೋಹಾನನಲ್ಲಿ ಒಬ್ಬಳೇ. ಯಾವುದು ಸರಿ?”

“ಒಬ್ಬಳ ಹೆಸರು ಹೇಳಿದರೆ ಉಳಿದವರು ಇರಲಿಲ್ಲ ಅಂತ ಅರ್ಥವಾ ಮಾಷ್ಟ್ರೆ?” ಸುಜನ್‌ನ ದನಿ ಏರಿತು. “ಕಟ್ಟುಕತೆಯಾಗಿದ್ದರೆ ನಾಲ್ವರೂ ಕೂತು ಸರಿಮಾಡಿಕೊಳ್ಳುತ್ತಿರಲಿಲ್ಲವಾ? ಯೋಹಾನ ಇನ್ನೊಂದು ಹೇಳುತ್ತಾನೆ. ಸಮಾಧಿ ಬರಿದಾಗಿತ್ತು, ತಲೆಗೆ ಕಟ್ಟಿದ್ದ ಬಟ್ಟೆ ಮಾತ್ರ ಬೇರೆ ಕಡೆ ಸುತ್ತಿಟ್ಟಿತ್ತು ಅಂತ. ಹೆಣ ಕದ್ದವರು ಬಟ್ಟೆ ಸುತ್ತಿಡುತ್ತಾರಾ? ಕತೆ ಕಟ್ಟುವವನಿಗೆ ಆ ಬಟ್ಟೆ ಯಾಕೆ ಬೇಕು?”

“ನಿಜವೆನ್ನಿಸಲು ಬೇಕು. ಜಾಣ ಕತೆಗಾರ ಇಂಥ ಸಣ್ಣ ವಿವರಗಳನ್ನೇ ಸೇರಿಸುತ್ತಾನೆ.”

“ಹಾಗಾದರೆ ವಿವರ ತಪ್ಪಿದರೂ ಸುಳ್ಳು, ಇದ್ದರೂ ಸುಳ್ಳು!”

“ನಿಲ್ಸಿ ಒಂಚೂರ್,” ಎಂದರು ಕುಸುಮಾವತಿ.

ಅವರು ಎದ್ದು ಮೇಜಿನ ಹತ್ತಿರ ಹೋದರು. ಬೈರಾಸನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು.

“ಮೂವತ್ತ್ ವರ್ಷ ಸಾಕ್ಷಿ ಹೇಳ್ಕೆ ಬರ್ದದ್ದ್ ನಾನ್. ಮಾತ್ ಬೇರೆ ಬೇರೆ ಇದ್ರೆ ಹೆದ್ರಿಕೆ ಇಲ್ಲ ಮಾಷ್ಟ್ರೆ. ನಾಲ್ಕ್ ಜನ ಒಂದೇ ಅಕ್ಷರ ಹೇಳ್ರೆ ಒಂದೇ ರಿಕ್ಷಾದಗೆ ಬಂದಿರ್ ಅಂದ್ ಲೆಕ್ಕ. ಹೇಳಿದ್ದರಗೆ ಸುಳ್ಳ್ ಹುಡ್ಕೂದ್ ಕಷ್ಟ. ಹೇಳ್ದೇ ಬಿಟ್ಟದ್ದ್ ಕಾಣ್ಕ್.”

“ಬಿಟ್ಟದ್ದು ಎಂದರೆ?”

“ಗಂಟ್ ಕಂಡ ಸುಜನ್ ಬೈರಾಸ್ ವಿಷಯ ಹೇಳ್ದ. ಚಂದ್ರ ಹೇಳ್ದ. ನಿಮ್ಗೂ ಕಂಡಿತ್. ಬೈರಾಸ್ ಯಾರ್ ಗಂಡಂದೋ ಅವ್ಳೊಬ್ಳೇ ಅದ್ರ್ ಹೆಸ್ರ್ ಎತ್ಲಿಲ್ಲ.”

ವನಜ ಪ್ಲಾಸ್ಟಿಕ್ಕಿನ ಮೂಲೆಯನ್ನು ಮತ್ತೆ ಮತ್ತೆ ಒಳಗೆ ಸಿಕ್ಕಿಸುತ್ತಿದ್ದಳು.

“ಕಿರೀಟ ಅಲ್ಲ. ಸೊನ್ನೆಯೂ ಅಲ್ಲ,” ಎಂದರು ಕುಸುಮಾವತಿ. “ಓದಿದವ್ರಿಗೆ ಎಲ್ಲದ್ರಗೂ ಅರ್ಥ ಕಾಂತ್. ಇದ್ ಸಿಂಬಿ. ಮೀನಿನ್ ಬುಟ್ಟಿ ತಲೆ ಮೇಲೆ ಇಡುಕಾರೆ ಅಡಿಗ್ ಇಡೂದ್. ದಿನಾ ರಸ್ತೆಯಗೆ ಕಾಂತ್ರಿ.”

ಚಂದ್ರ ತಟ್ಟನೆ ಎದ್ದ. “ಹಾಂಗಾರೆ ನನ್ ಮೇಲೂ ಬತ್ತಾ? ನಾನೂ ಬಂದರಲ್ ಬುಟ್ಟಿ ಹೊತ್ತವ.”

“ನೀ ಹೊರೂಕಾರೆ ಬೈರಾಸ್ ಎಂತ ಮಾಡ್ತೆ? ತೋರ್ಸ್ ಕಾಂಬ.”

ಚಂದ್ರ ಹೆಗಲ ಮೇಲಿದ್ದ ತನ್ನ ಬೈರಾಸನ್ನು ಎಳೆದು ತಲೆಗೆ ಸುತ್ತಿದ. ಮುಂಡಾಸು. ಸುತ್ತಿ ಮುಗಿದ ಮೇಲೆ ಅವನ ಕೈ ಅಲ್ಲೇ ನಿಂತಿತು. ಅವನು ನಿಧಾನವಾಗಿ ಬಾಗಿಲ ಕಡೆ ತಿರುಗಿದ.

“ಗಂಡಸ್ರ್ ಮುಂಡಾಸ್ ಸುತ್ತೂದ್. ಸಿಂಬಿ ಸುತ್ತೂದ್ ಹೆಂಗಸ್ರ್. ಅದೂ ಇಷ್ಟ್ ಬಿಗೀಲಿ ಸುತ್ತೂಕೆ ಇಪ್ಪತ್ತ್ ವರ್ಷದ್ ಕೈ ಬೇಕ್,” ಎಂದರು ಕುಸುಮಾವತಿ. “ತಕಂಡದ್ದ್ ನೀನೇ, ವನಜಾ. ಖಾಲಿ ಬುಟ್ಟಿ ಆದ್ರೆ ಕೆಳ್ಗಿಟ್ಟ್ ಕೂಕಣ್ತಿದ್ದೆ.”

ವನಜ ಪ್ಲಾಸ್ಟಿಕ್ ಸರಿಸಿದಳು. ಬುಟ್ಟಿಯಲ್ಲಿ ಮೀನಿರಲಿಲ್ಲ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಬೈಬಲು ಇತ್ತು.

“ಬೈರಾಸ್ ಬಿಚ್ಚಿ ಪುಸ್ತಕ ಬುಟ್ಟಿಗ್ ಹಾಕ್ದೆ,” ಎಂದಳು. “ಕೈ ಅದ್ರಷ್ಟಕ್ಕೇ ಸಿಂಬಿ ಸುತ್ತಿತ್. ತಲೆ ಮೇಲ್ ಇಡೂಕ್ ಹೋದೆ, ಅವ್ರ್ ವಾಸ್ನೆ ಬಂತ್. ಬುಟ್ಟಿ ಅಡಿಗ್ ಇಡೂಕ್ ಮನ್ಸ್ ಬರ್ಲಿಲ್ಲ. ಅಲ್ಲೇ ಬಿಟ್ಟೆ. ಬುಟ್ಟಿ ಸೊಂಟಕ್ಕೆ ಇಟ್ಕಂಡ್ ಹೋದೆ.”

“ಎಂತಕೆ ಅತ್ಗೆ?” ಎಂದ ಚಂದ್ರ. “ನಿಮ್ದೇ ಪುಸ್ತಕ. ಕೊಡುದಿಲ್ಲ ಅಂದ್ ಹೇಳಿರೆ ಆತಿತ್ತಲೆ?”

“ಹೇಳಿರೆ ನೀ ಕೇಂತಿದ್ಯಾ? ಸ್ಟೇಷನ್ನಿಗ್ ಕೊಡ್ತೆ ಅಂದ್ ಊರೆಲ್ಲ ಹೇಳ್ಕಂಡ್ ಬಂದವ ನೀನ್. ಕೇಸ್ ಆರೆ ಪುಸ್ತಕ ಎಷ್ಟ್ ವರ್ಷಕ್ಕೆ ವಾಪಸ್ ಬತ್ತ್, ಕುಸುಮಕ್ಕ?”

ಜಪ್ತಿ ಸಾಮಾನು ಇಡುವ ಮುದ್ದೆಮಾಲು ಕೋಣೆಯಲ್ಲಿ ಗೋಣಿಚೀಲಗಳಡಿ ಗೆದ್ದಲು ತಿಂದ ಎಷ್ಟೋ ವಸ್ತುಗಳನ್ನು ಕುಸುಮಾವತಿ ಕಂಡಿದ್ದರು.

“ಬಪ್ದೇ ಗ್ಯಾರಂಟಿ ಇಲ್ಲ,” ಎಂದರು.

“ಅವ್ರ್ ಕೈಬರಹ ಅಂದ್ ಮನೆಯಗೆ ಇಪ್ದ್ ಇದೊಂದೇ. ನಂಗ್ ಓದೂಕ್ ಬತ್ತಿಲ್ಲ. ಮಗ್ಳ್ ಚಂದನಾ ಮುಂಬೈಯಿಂದ ಬಂದಾಗ ಓದ್ಸುವ ಅಂದ್ ಇಟ್ಟದ್ದ್.” ಅವಳು ಸುಜನ್ ಕಡೆ ನೋಡಿದಳು. “ನಿನ್ ಮೇಲೆ ಹೀಂಗ್ ಬತ್ತ್ ಅಂದ್ ಹೊಳೀಲಿಲ್ಲ ಮಗಾ.”

ಸುಜನ್ ನೋಡುತ್ತಿದ್ದದ್ದು ಪುಸ್ತಕವನ್ನು.

ವನಜ ಅದನ್ನು ಚೀಲದಿಂದ ತೆಗೆದು ಮಾಷ್ಟ್ರ ಕೈಗೆ ಕೊಟ್ಟಳು. ಮಾಷ್ಟ್ರು ಮೊದಲಿನಿಂದ ಹಾಳೆ ಮಗುಚಿದರು. ಆದಿಕಾಂಡದ ಮೊದಲು ಒಂದು ಖಾಲಿ ಹಾಳೆ. ಖಾಲಿ ಇರಲಿಲ್ಲ. ಅವರು ಗಟ್ಟಿಯಾಗಿ ಓದಿದರು:

“ಇದ್ ನಾನೇ ಕೇಂಡ್ ತಕಂಡದ್ದ್. ಸುಜನ್ ಕೊಡೂಕ್ ಹೆದ್ರಿದ. ಹೊತ್ತ್ ಹೋಪುದಿಲ್ಲ ಅಂದ್ ಕಾಟ ಕೊಟ್ಟೆ. ತಂದ್ ಕೊಟ್ಟ.”

ಕೆಳಗೆ ತಾರೀಕು, ಸಹಿ. ದೋಣಿಯ ಕಾಗದಗಳಿಗೆ ಹಾಕುವಂಥ ಉದ್ದ ಸಹಿ.

ಸುಜನ್ ಬೆಂಚಿನ ಮೇಲೆ ಕೂತುಬಿಟ್ಟ. ಎರಡು ಕೈಯಿಂದಲೂ ಮುಖ ಉಜ್ಜಿಕೊಂಡ. ಚಂದ್ರ ಅಂಗಿಯ ಜೇಬಿನಿಂದ ದೂರು ತೆಗೆದ, ಎರಡು ತುಂಡು ಮಾಡಿದ, ಎಲ್ಲಿ ಹಾಕುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

“ಆದ್ರೆ ನಾನ್ ಫೋಟೋ ತೆಗ್ದ ಆ ಪುಟ?” ಎಂದ. “ಅದ್ರಗೆ ಅಣ್ಣ ಬರ್ದದ್ದ್? ಅಣ್ಣ ನಂಬಿದ್ನಾ, ಇಲ್ಯಾ?”

ಮಾಷ್ಟ್ರು ಯೋಹಾನನ ಇಪ್ಪತ್ತೊಂದನೆಯ ಅಧ್ಯಾಯ ತೆಗೆದರು. ಸತ್ತು ಎದ್ದ ಯೇಸು ದಡದಲ್ಲಿ ನಿಂತು ಬಲೆ ಬೀಸಲು ಹೇಳುವ, ನೂರೈವತ್ತಮೂರು ಮೀನು ಸಿಕ್ಕುವ ಭಾಗ. ಅಂಚಿನಲ್ಲಿ ವೆಂಕಟ ಬರೆದಿದ್ದ: ‘ಎಣ್ಸಿ ಬರ್ದಿದ್ದ. ಎಣ್ಸಿದವ ದೋಣಿಯವನೇ. ಇದ್ ಖರೆ ಇಪ್ಪುಕೂ ಸಾಕ್.’

“‘ಇದು ನಿಜವಿರಲೂ ಸಾಕು’. ನಿಜ ಇದ್ದರೂ ಇರಬಹುದು, ಅಂತ,” ಎಂದರು ಮಾಷ್ಟ್ರು. “ಇದು ವ್ಯಂಗ್ಯ. ನಂಬಿದವನು ‘ಸಾಕು’ ಎನ್ನುವುದಿಲ್ಲ.”

“ನಂಬದವನು ‘ಎಣಿಸಿದವ ದೋಣಿಯವನೇ’ ಎನ್ನುವುದಿಲ್ಲ,” ಎಂದ ಸುಜನ್. ಅವನ ದನಿಯಲ್ಲಿ ಈಗ ಜಗಳವಿರಲಿಲ್ಲ.

ಇಬ್ಬರೂ ಕುಸುಮಾವತಿಯ ಕಡೆ ನೋಡಿದರು. ಅವರು ತಲೆಯಲ್ಲಾಡಿಸಿ ವನಜಳ ಕಡೆ ಕೈ ತೋರಿದರು.

“ನೀವ್ ಓದಿದ್ ಹಾಂಗಲ್ಲ ಮಾಷ್ಟ್ರೆ,” ಎಂದಳು ವನಜ. “ಅವ್ರ್ ಈ ಮಾತ್ ದಿನಕ್ ಹತ್ತ್ ಸಲ ಹೇಳುರ್. ಗಾಳಿ ಬತ್ತ್ ಅಂದ್ ರೇಡಿಯೋದಗೆ ಹೇಳ್ರೆ, ಆಕಾಶ ಕಾಂಬುರ್. ಮೋಡ ಒಂದಿಲ್ಲ. ‘ಖರೆ ಇಪ್ಪುಕೂ ಸಾಕ್’ ಅಂಬುರ್. ಅಂದ್ಕಂಡೇ ಹೋಯಿ ದೋಣಿ ಮೇಲೆ ಎಳ್ದ್ ಕಟ್ಟುರ್.”

“ಗಾಳಿ ಬರ್ತಿತ್ತಾ?” ಎಂದು ಕೇಳಿದರು ಮಾಷ್ಟ್ರು.

“ಒಂದೊಂದ್ ಸಲ ಬರೂದ್. ಒಂದೊಂದ್ ಸಲ ಇಲ್ಲ.”

ಚಂದ್ರ ತಲೆಯ ಮುಂಡಾಸು ಬಿಚ್ಚಿದ. “ಹಗ್ಗ ಹಿಡೂಕೆ ನನ್ನನ್ನೇ ಕರೂದ್,” ಎಂದ. “ಎಷ್ಟ್ ಬೈದಿದ್ದೆ ನಾನ್. ಬಿಸ್ಲ್ ಇಪ್ಪಾಗ ಎಳೂದ್ ಎಂತಕೆ ಅಂದ್.”

ಕೆಳಗೆ ಮೆಟ್ಟಿಲ ಮೇಲೆ ಚರ್ಚೆಗೆ ಬಂದವರ ಚಪ್ಪಲಿ ಸದ್ದು ಶುರುವಾಯಿತು. ಚಂದ್ರ ಬೆಂಚನ್ನು ಅತ್ತಿಗೆಯ ಪಕ್ಕಕ್ಕೆ ಎಳೆದುಕೊಂಡು ಕೂತ.

“ಮುಂದಿನ್ ಪುಟ ಓದಿ ಮಾಷ್ಟ್ರೆ,” ಎಂದ. “ನಿಧಾನ ಓದಿ. ಅತ್ಗೆ ಸರಿ ಮಾಡ್ತ್ರ್.”