ಕಿತ್ತಳೆ ಗಿಡದ ಬಾಯಾರಿಕೆ

ಉತ್ತಯ್ಯ ಮೂತಿಯಿರುವ ಪುಟ್ಟ ಹಿತ್ತಾಳೆ ಚೆಂಬು, ಕಿಂಡಿಯೊಂದನ್ನು ಕೈಗೆ ಕೊಟ್ಟಾಗ ಬೋಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಗುಡ್ಡದ ಮೇಲೆ ಒಂದು ಕಿತ್ತಳೆ ಗಿಡ ನೆಟ್ಟಿದ್ದೇನೆ. ಕೆಳಗೆ ಹರಿಯೋ ತೋಡಿನಿಂದ ದಿನಾ ಇಷ್ಟು ನೀರು ತಂದು ಹಾಕ್ತೀಯಾ?”

“ನಿಮ್ಮ ಎಸ್ಟೇಟಿನ ಲೈನ್‌ಮನೆಗಳಲ್ಲಿ ಆಳುಗಳಿಗೆ ಬರ ಬಂತಾ ಬಾವ?”

“ಆಳುಗಳು ಹಾಕಿದರೆ ಆ ಗಿಡ ಚಿಗುರೋದಿಲ್ಲವಂತೆ,” ಎಂದು ಮೀಸೆಯಂಚಿನಲ್ಲೇ ನಕ್ಕು ಹೊರಟುಹೋದ.

ಸೋದರಮಾವನ ಮಗ, ಚಿಕ್ಕಂದಿನಿಂದಲೂ ಅವನ ಬಾಯಿ ಹೀಗೇ. ಅವನ ಮನೆಯಿಂದ ಹೆಣ್ಣು ಕೇಳಿ ಬಂದವರನ್ನು ಅವಳು ಬೇಡವೆಂದು ಕಳಿಸಿ ಇನ್ನೂ ತಿಂಗಳಾಗಿರಲಿಲ್ಲ. ಇಷ್ಟವಿಲ್ಲದೆ ಅಲ್ಲ. ಅವನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಅವಳ ಎದೆ ಡವಡವ ಅನ್ನುತ್ತಿತ್ತು.

ಆದರೆ ಚಳಿಜ್ವರ ಅವಳನ್ನು ಮಳೆಗಾಲವಿಡೀ ಮಲಗಿಸಿ ಕಾಲಿನ ಬಲವನ್ನೆಲ್ಲ ಹೀರಿಬಿಟ್ಟಿತ್ತು. ಕೊಡವರ ಮದುಮಗಳು ಗಂಡನ ಮನೆಯ ಬಾವಿಯಿಂದ ಕೊಡ ತುಂಬಿ ತಲೆಯ ಮೇಲೆ ಹೊತ್ತು ತರಬೇಕು. ಗಂಡಿನ ಕಡೆಯವರು ಓಲಗಕ್ಕೆ ಕುಣಿಯುತ್ತ ಗಂಟೆಗಟ್ಟಲೆ ಅಡ್ಡ ನಿಲ್ಲುತ್ತಾರೆ. ಕೊಡ ಇಳಿಸುವಂತಿಲ್ಲ. “ನಾಲ್ಕು ಜನರೆದುರು ನಾನು ಕುಸಿದು ಬಿದ್ದರೆ ಬಾವನ ಮಾನ ಹೋಗ್ತದೆ ಅವ್ವ,” ಎಂದು ತಾಯಿಯೆದುರು ಅತ್ತಿದ್ದಳು. ಅವ್ವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ದಿನಾ ನಡೆಯಬೇಕೆಂದು ಮಡಿಕೇರಿಯ ಬಿಳಿದೊರೆ ಡಾಕ್ಟರು ಹೇಳಿದ್ದರು. ಸುಮ್ಮಸುಮ್ಮನೆ ಎಲ್ಲಿಗೆಂದು ನಡೆಯುವುದು? ಈಗ ಬಾಯಾರಿದ ಗಿಡವೊಂದು ಕಾಯುತ್ತಿತ್ತು.

ಮೊದಲ ಸಂಜೆ ಅರ್ಧದಾರಿಯಲ್ಲೇ ಕಲ್ಲಿನ ಮೇಲೆ ಕುಳಿತಳು. ಬರಬರುತ್ತ ಆ ಕಲ್ಲು ಬೇಡವಾಯಿತು. ಕಿಂಡಿ ಹೋಗಿ ಸೊಂಟಕ್ಕೆ ಬಿಂದಿಗೆ ಬಂತು. “ಗಿಡ ದೊಡ್ಡದಾಯ್ತಲ್ಲ, ಬಾಯಾರಿಕೆಯೂ ದೊಡ್ಡದು,” ಎನ್ನುತ್ತಿದ್ದ ಉತ್ತಯ್ಯ. ಅವಳು ಹತ್ತುವ ಹೊತ್ತಿಗೆ ಅವನಿಗೆ ಅಲ್ಲೇ ಏನಾದರೊಂದು ಕೆಲಸ.

“ಯಾಕೆ ಹಾಗೆ ನೋಡ್ತೀರಿ?”

“ಗಿಡ ನೋಡ್ತಿದ್ದೇನೆ.”

“ಗಿಡ ಆ ಕಡೆ ಇದೆ ಬಾವ.”

ಕಾಫಿ ಹೂವು ಅರಳಿತು. ಗುಡ್ಡವೆಲ್ಲ ಬೆಳ್ಳಗೆ, ಗಾಳಿಯೆಲ್ಲ ಘಮಘಮ. ಆ ಸಂಜೆ ತುಂಬಿದ ಕೊಡ ತಲೆಯ ಮೇಲಿಟ್ಟು ಬರುತ್ತಿದ್ದವಳ ದಾರಿಗೆ ಉತ್ತಯ್ಯ ಅಡ್ಡ ಬಂದ. ಬಾಯಲ್ಲೇ ಓಲಗ ನುಡಿಸುತ್ತ, ಕೈ ಬೀಸುತ್ತ ಕುಣಿಯತೊಡಗಿದ.

ಬೋಜಮ್ಮನಿಗೆ ಎಲ್ಲ ಅರ್ಥವಾಯಿತು. ಕಣ್ಣು ತುಂಬಿತು. ಕೊಡ ಅಲುಗಲಿಲ್ಲ.

“ದಾರಿ ಬಿಡಿ.”

“ಮದುವೆಗೆ ಹೂಂ ಅನ್ನು, ಬಿಡ್ತೇನೆ.”

ಹೂಂ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಅವಳು ಅನ್ನಲಿಲ್ಲ, ಕೊಡ ಹೊತ್ತೇ ನಿಂತಳು. ಗುಡ್ಡದ ನೆರಳು ಗದ್ದೆಗಿಳಿಯಿತು. ಕೊಕ್ಕರೆಗಳು ಗೂಡಿಗೆ ಹಾರಿದವು. ಕೊನೆಗೆ ಏದುಸಿರು ಬಿಡುತ್ತ ಹುಲ್ಲಿನ ಮೇಲೆ ಕುಸಿದು ಕುಳಿತವನು ಅವನೇ.

ಅವನನ್ನು ಬಳಸಿಕೊಂಡು ಗಿಡದತ್ತ ಹೆಜ್ಜೆಯಿಡುತ್ತ ಬೋಜಮ್ಮ ನಕ್ಕಳು.

“ಇಷ್ಟೇನಾ? ನಿಮ್ಮ ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ ಬಾವ. ನಾನು ನಿಲ್ತೇನೆ.”