ಬಸವನಹುಳುವಿನ ಹೆಸರು ನೀಲಾ

"ಎಂತ ಇದು? ಮಜಾಕ್ ಮಾಡುದಾ ನೀವು?"

ಹರಿಣಿ ಫೋನನ್ನು ಯಲ್ಲಾಲಿಂಗನ ಮುಖದ ಎದುರು ಹಿಡಿದಳು. ಪರದೆಯ ಮೇಲೆ ನೀಲಿ ಬಣ್ಣದ ಒಂದು ಬಸವನಹುಳು. ನೀರಿನ ಹನಿಯಂಥ ಚಿಪ್ಪು ಹೊತ್ತು, ಕಣ್ಣು ಪಿಳಿಪಿಳಿ ಬಿಡುತ್ತ, ಸುಮ್ಮನೆ ನಡುಗುತ್ತಿತ್ತು.

ಡ್ರಿಪ್ಲಿ...

ಪ್ರಾಣಿಗಳನ್ನು ಹಿಡಿದು, ಸಾಕಿ, ಪಂದ್ಯಕ್ಕಿಳಿಸುವ ಆ ಮೊಬೈಲ್ ಆಟದಲ್ಲಿ ಆರುನೂರು ಬಗೆಯ ಜೀವಿಗಳಿವೆ. ಎಲ್ಲಕ್ಕಿಂತ ಕೈಲಾಗದ್ದು ಯಾವುದೆಂದು ಯಾರನ್ನು ಕೇಳಿದರೂ ಒಂದೇ ಉತ್ತರ. ಡ್ರಿಪ್ಲಿಗೆ ಹೊಡೆಯಲು ಬರುವುದಿಲ್ಲ, ಕಚ್ಚಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ವಿದ್ಯೆ, ನಡುಗುವುದು. ಕೈಗೆ ಸಿಕ್ಕ ಕೂಡಲೇ ಜನ ಅದನ್ನು ಬಿಟ್ಟುಬಿಡುತ್ತಾರೆ.

"ಮಜಾಕ್ ಅಲ್ರಿ," ಎಂದ ಯಲ್ಲಾಲಿಂಗ. ಗೋರೆಗಾಂವ್‌ನ ಫಿಲ್ಮ್ ಸಿಟಿಯಲ್ಲಿ ಲೈಟ್‌ಮನ್ ಆಗಿದ್ದವನು. ಬಿಸಿಲಲ್ಲಿ ಕಂದಿದ ಮುಖ, ತಗ್ಗಿದ ದನಿ. "ಅದೇ ನನ್ನ ಹಂತೇಕ ಇದ್ದಿದ್ದು."

"ನಾನು ನನ್ನ ರಾಣಿಯನ್ನೇ ಕೊಟ್ಟಿದ್ದೇನೆ ನಿಮಗೆ!"

ರಾಣಿ ಎಂದರೆ ಅವಳ ಗಿಡುಗ. ಕಾಲೇಜಿನ ಮೊದಲ ವರ್ಷದಿಂದ ಸಾಕಿದ್ದು.

ಸಾಂತಾಕ್ರೂಜ್‌ನಲ್ಲಿ ಸುಕೇಶನ ಹೋಟೆಲಿನ ಮೇಲಂತಸ್ತು ಅದು. ಭಾನುವಾರ ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯವರು ಬರುವ ಮೊದಲು, ಮೂರರಿಂದ ಐದರವರೆಗೆ, ಈ ಆಟದ ಹುಚ್ಚು ಹಿಡಿದ ಹತ್ತು ಹನ್ನೆರಡು ಮಂದಿ ಅಲ್ಲಿ ಸೇರುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಹೊಸದಾಗಿ ಬಂದವರು ಹಳಬರೊಬ್ಬರೊಡನೆ ಒಂದು ಪ್ರಾಣಿಯನ್ನು ಬದಲಿಸಿಕೊಳ್ಳಬೇಕು. ಕೊಡುವುದು ಯಾವುದೆಂದು ಮೊದಲೇ ತೋರಿಸುವಂತಿಲ್ಲ. ಬಿಟ್ಟುಕೊಡಲು ಅತಿ ಕಷ್ಟವಾಗುವುದನ್ನೇ ಕೊಡಬೇಕು. ಅದನ್ನೇ ಏಕೆ ಕೊಟ್ಟೆ ಎಂದು ಕೊಟ್ಟವರು ಬಾಯಿ ಬಿಡಬಾರದು.

"ಹೇಳ್ಲಿಕ್ಕೆ ಶುರು ಮಾಡಿದ್ರೆ ಅದು ಜಾಹೀರಾತು ಆಗ್ತದೆ," ಎಂದು ಸುಕೇಶ್ ಮೊದಲೇ ನಕ್ಕಿದ್ದ.

ಪರೇಲ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹರಿಣಿಗೆ ಆ ಮಧ್ಯಾಹ್ನ ಮೊದಲೇ ಒಂದು ಸೋಲಾಗಿತ್ತು. ಸುಕೇಶನೊಡನೆ ಆಡುತ್ತಿದ್ದಾಗ ಅವನ ಫೋನಿನ ಚಾರ್ಜು ಮುಗಿಯುವುದರಲ್ಲಿತ್ತು. ಇವಳೇ ಪವರ್ ಬ್ಯಾಂಕ್ ಕೊಟ್ಟಳು. ಆಮೇಲೆ ಅವನು ಗೆದ್ದ. ಅದರ ಬೇಸರ ಅವಳಿಗಿರಲಿಲ್ಲ. ಆದರೆ ಇದು...

'ಹೊಸಬಳು, ಹುಡುಗಿ ಬೇರೆ, ಏನು ಕೊಟ್ಟರೂ ನಡೆಯುತ್ತದೆ ಎಂದುಕೊಂಡನೇ?'

"ಒಂದು ಮಾತು ಹೇಳ್ತೇನೆ," ಎಂದಳು. ದನಿ ನಡುಗದಂತೆ ಗಟ್ಟಿ ಹಿಡಿದಿದ್ದಳು. "ದೀಪಾವಳಿ ಆದ ಮೇಲಿನ ಭಾನುವಾರ, ಇದೇ ಹುಳದಿಂದ ನಿಮ್ಮನ್ನು ಸೋಲಿಸ್ತೇನೆ. ನೀವು ನನ್ನ ರಾಣಿಯನ್ನೇ ಇಳಿಸಬೇಕು. ಗೆದ್ದರೆ ರಾಣಿ ನಂಗೆ ವಾಪಸ್."

"ಸೋತ್ರ?"

"ಮತ್ತೆ ಈ ಮೆಟ್ಟಿಲು ಹತ್ತುದಿಲ್ಲ."

ಯಲ್ಲಾಲಿಂಗ ಏನೋ ಹೇಳಹೊರಟು ತಡೆದುಕೊಂಡ. "ಆಗ್ಲಿ ಬಿಡ್ರಿ. ಆದ್ರ ಅಲ್ಲೀತನಕ ಅದನ್ನ ಎಲ್ಲೂ ಬಿಟ್ಟು ಬಿಡಬ್ಯಾಡ್ರಿ."

*

ಮಾರನೆಯ ದಿನದಿಂದಲೇ ಹಠ ಶುರುವಾಯಿತು.

ಕೆಲಸ ಮುಗಿಸಿ ಪ್ರಭಾದೇವಿ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ರೈಲು ಹಿಡಿದರೆ ಗೋರೆಗಾಂವ್‌ನ ಮನೆ ತಲುಪುವವರೆಗೂ ಅವಳದ್ದು ಅದೇ ಕೆಲಸ. ಊರೂರಿನ ಅಪರಿಚಿತ ಆಟಗಾರರ ಎದುರು ಡ್ರಿಪ್ಲಿಯನ್ನು ಇಳಿಸುವುದು, ಸೋಲುವುದು, ಮತ್ತೆ ಇಳಿಸುವುದು.

ಹೆಂಗಸರ ಬೋಗಿಯಲ್ಲಿ ದಿನಾ ಜೊತೆಯಾಗುವ ವೈಶಾಲಿ ಇಣುಕಿ ನೋಡಿ ಹಿಂದಿಯಲ್ಲೇ ಕಾಲೆಳೆಯುತ್ತಿದ್ದಳು. "ಅರೇ, ತೇರಾ ಗೋಗಲ್‌ಗಾಯ್ ಆಜ್ ಭೀ ಮರಾ ಕ್ಯಾ?" ನಿನ್ನ ಬಸವನಹುಳು ಇವತ್ತೂ ಸತ್ತಿತೇ ಎಂದು ಕೆಣಕುತ್ತಲೇ ಹರಿಣಿಯ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುವಳು. ಆಡಲು ಎರಡೂ ಕೈ ಬೇಕಲ್ಲ!

ಒಂದು ಸಂಜೆ ಹರಿಣಿ ಹುಳುವಿನ ವಿವರದ ಪುಟ ತೆರೆದಳು.

ಹೆಸರು: ನೀಲಾ. ಹಿಂದೆ ಸಾಕಿದವರೊಡನೆ ಕಳೆದ ದಿನ: 1,096. ಅವರ ಕೈಯಲ್ಲಿ ಸೋಲು: 2,214. ಗೆಲುವು: 0.

ಬದಲಿಯಾಗಿ ಬಂದ ಪ್ರಾಣಿಯ ಹೆಸರನ್ನು ತಿದ್ದಲು ಆ ಆಟದಲ್ಲಿ ಬರುವುದಿಲ್ಲ. ನೀಲಾ ನೀಲಾ ಆಗಿಯೇ ಉಳಿಯುತ್ತದೆ.

'ಯಾರಿವಳು ನೀಲಾ? ಕೈಕೊಟ್ಟು ಹೋದ ಹುಡುಗಿಯೇ? ಅವಳ ಹೆಸರಿಟ್ಟು ಎರಡು ಸಾವಿರ ಸಲ ಹೊಡೆಸಿದ್ದಾನೆಯೇ? ಸಾಕಾದ ಮೇಲೆ ನನ್ನ ತಲೆಗೆ ಕಟ್ಟಿದನೇ?'

ಎದೆಯಲ್ಲಿ ಏನೋ ಚುಚ್ಚಿತು. ಸಿಟ್ಟೆಂದುಕೊಂಡಳು. ಬರೀ ಸಿಟ್ಟಾಗಿದ್ದರೆ ಆ ರಾತ್ರಿ ಊಟ ಸೇರುತ್ತಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ ಗೋರೆಗಾಂವ್ ಸ್ಟೇಷನ್ನಿನ ಸೇತುವೆಯ ಮೇಲೆ ಅವನು ಎದುರಾದ. ಹೆಗಲಿಗೆ ಸುತ್ತಿದ ಕೇಬಲ್ ಇತ್ತು. ಮೆಟ್ಟಿಲು ಹತ್ತಲಾಗದೆ ನಿಂತಿದ್ದ ಮುದುಕರೊಬ್ಬರ ಗಂಟನ್ನೂ ಹೊತ್ತು ತಂದಿದ್ದ. ಅದನ್ನು ಇಳಿಸಿ ಅವಳತ್ತ ಬಂದ.

"ನೀಲಾ ಹ್ಯಾಂಗ ಅದ ರಿ?"

"ಅಷ್ಟು ನೆನಪಾಗುವುದಾದ್ರೆ ನೀಲಾಳನ್ನೇ ಕೇಳಿ," ಎಂದಳು ಹರಿಣಿ.

"ಅಂದ್ರ? ಕೇಳ್ರಿಲ್ಲಿ, ನೀವು ತಿಳ್ಕೊಂಡಿದ್ದು..."

"ಕಾರಣ ಹೇಳುವಂತಿಲ್ಲ. ನಿಮ್ಮದೇ ರೂಲ್ ಅಲ್ವಾ?"

ಅವನು ತಲೆ ತಗ್ಗಿಸಿದ. ಹರಿಣಿ ತಿರುಗಿ ನೋಡದೆ ಇಳಿದುಹೋದಳು. ಕೊನೆಯ ಮೆಟ್ಟಿಲಲ್ಲಿ ಮಾತ್ರ ತಿರುಗಿ ನೋಡಿದಳು. ಅವನು ಅಲ್ಲೇ ನಿಂತಿದ್ದ.

ಅದೇ ದಿನ ಲೋಕಲ್‌ನಲ್ಲಿ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಪ್ರತಿ ಸಲ ನಡುಗಿದಾಗಲೂ ನೀಲಾಳ ಚಿಪ್ಪು ಕೂದಲೆಳೆಯಷ್ಟು ಗಟ್ಟಿಯಾಗುತ್ತಿತ್ತು. ಎಷ್ಟು ಕಡಿಮೆಯೆಂದರೆ, ಅದನ್ನು ನೋಡುವಷ್ಟು ಹೊತ್ತು ಯಾರೂ ಕಾದಿರಲಿಲ್ಲ.

ಆಟದಲ್ಲಿ ಇನ್ನೊಂದು ನಿಯಮವೂ ಇತ್ತು. ಒಂದು ಪಂದ್ಯಕ್ಕೆ ಪ್ರತಿ ಪ್ರಾಣಿಗೂ ಇಂತಿಷ್ಟೇ ಹೊಡೆತ. ಸರದಿ ಬಿಡುವಂತಿಲ್ಲ, ಅವು ಮುಗಿದ ಮೇಲೂ ಎರಗಲೇಬೇಕು, ಆಗ ಪೆಟ್ಟು ಹೊಡೆದವರಿಗೇ ಬೀಳುತ್ತದೆ. ಅಪರಿಚಿತರ ಪ್ರಾಣಿಗಳಲ್ಲಿ ಎಷ್ಟು ಹೊಡೆತ ಉಳಿದಿದೆಯೆಂದು ಹೇಳಲಾಗದು. ಆದರೆ ರಾಣಿ? ರಾಣಿಯನ್ನು ಬೆಳೆಸಿದವಳೇ ಇವಳು. ಸರಿಯಾಗಿ ಇಪ್ಪತ್ತು ಹೊಡೆತ.

'ಗೆಲ್ಲಲು ಹೊಡೆಯಲೇಬೇಕೆಂದೇನಿದೆ? ಇಪ್ಪತ್ತೊಂದನೆಯದಕ್ಕೆ ನಿಂತಿದ್ದರೆ ಸಾಕು...'

ಹರಿಣಿ ಪರದೆಯ ಮೇಲಿನ ಹುಳುವಿನ ತಲೆಯನ್ನು ಬೆರಳ ತುದಿಯಿಂದ ಸವರಿದಳು. ಹೀಗೆ ಸವರಿದ್ದು ಅದೇ ಮೊದಲು.

*

ದೀಪಾವಳಿ ಕಳೆದ ಭಾನುವಾರ ಮೇಲಂತಸ್ತು ತುಂಬಿತ್ತು. ಕಿಟಕಿಯ ಬಳಿ ಇಳಕಲ್ ಸೀರೆಯ ಒಬ್ಬ ಹೆಂಗಸು ಕುಳಿತಿದ್ದರು. ಹಳೆಯ ಸಪ್ಲೈಯರ್ ದೂಜಣ್ಣ ಅವರ ಬಲಗೈ ನಡುಗುವುದನ್ನು ಗಮನಿಸಿ, ಏನೂ ಕೇಳದೆ, ಚಹಾವನ್ನು ಅರ್ಧ ಲೋಟ ಮಾತ್ರ ತಂದಿಟ್ಟರು. ಉಳಿದರ್ಧವನ್ನು ಇನ್ನೊಂದು ಲೋಟದಲ್ಲಿ ಪಕ್ಕಕ್ಕೆ ಮುಚ್ಚಿಟ್ಟರು. ಯಾರದೋ ಮನೆಯವರಿರಬೇಕು ಎಂದುಕೊಂಡಳು ಹರಿಣಿ.

ಯಲ್ಲಾಲಿಂಗ ಎದುರು ಕುಳಿತ. "ಸುರು ಮಾಡೂಣ್ರಿ?"

"ಮಾಡಿ."

ರಾಣಿ ಆಕಾಶದಿಂದ ಎರಗಿತು. ನೀಲಾ ನಡುಗಿತು. ಪ್ರಾಣದ ಗೆರೆ ಸರ್ರನೆ ಇಳಿಯಿತು.

"ಐದರೊಳಗೆ ಮುಗೀತದೆ," ಎಂದು ಯಾರೋ ಪಿಸುಗುಟ್ಟಿದರು.

ಐದು ದಾಟಿತು. ಒಂಬತ್ತು ದಾಟಿತು. ಹೊಡೆತ ಬೀಳುತ್ತಲೇ ಇತ್ತು, ಗೆರೆ ಇಳಿಯುವುದು ನಿಧಾನವಾಗುತ್ತ ಬಂತು. ಹದಿನಾಲ್ಕಕ್ಕೆ ಯಲ್ಲಾಲಿಂಗ ತಲೆಯೆತ್ತಿ ಅವಳನ್ನು ನೋಡಿದ. ಹರಿಣಿ ನೋಡಲಿಲ್ಲ. ಅವಳ ಹೆಬ್ಬೆರಳು ಒಂದೇ ಗುಂಡಿಯ ಮೇಲೆ ಕುಳಿತಿತ್ತು. ಒತ್ತು... ಬಿಡು... ಒತ್ತು...

ಹದಿನೆಂಟು. ಗೆರೆ ಕೆಂಪಾಯಿತು.

ಹತ್ತೊಂಬತ್ತು.

ಇಪ್ಪತ್ತು. ಉಳಿದದ್ದು ಒಂದು ಚುಕ್ಕೆ. ಆ ಚುಕ್ಕೆಯ ಮೇಲೆ ನೀಲಾ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿತ್ತು.

ಇಪ್ಪತ್ತೊಂದನೆಯ ಸಲ ಎರಗಿದ ರಾಣಿಗೆ ತನ್ನದೇ ಪೆಟ್ಟು ತಾಗಿತು. ಮತ್ತೆ ತಾಗಿತು. ನಾಲ್ಕನೆಯ ಸಲಕ್ಕೆ ಗಿಡುಗ ರೆಕ್ಕೆ ಮಡಚಿ ಕುಳಿತುಬಿಟ್ಟಿತು.

ಗೆಲುವು: 1.

ಸುಕೇಶ್ ಮೇಜು ಬಡಿದ. "ಮಾರಾಯ್ತಿ, ಎಂತ ಆಡಿದ್ದು ನೀವು!"

ಕಿಟಕಿಯ ಬಳಿಯಿಂದ ಆ ಹೆಂಗಸು ಮೆಲ್ಲನೆ ಎದ್ದು ಬಂದರು. ನಡುಗುವ ಬಲಗೈಯನ್ನು ಹರಿಣಿಯ ಫೋನಿನ ಕಡೆ ಚಾಚಿದರು.

"ಗೆದ್ದಿತೇನ ಯವ್ವಾ? ಎಲ್ಲಿ, ತೋರ್ಸು... ಇದು ಗೆಲ್ತದಂತ ನನಗ ಗೊತ್ತೇ ಇರ್ಲಿಲ್ಲ ನೋಡು."

"ನಮ್ಮವ್ವ," ಎಂದ ಯಲ್ಲಾಲಿಂಗ. "ನೀಲಾಬಾಯಿ."

ಹರಿಣಿಯ ಕೈಯಲ್ಲಿದ್ದ ಫೋನು ಭಾರವಾಯಿತು.

ನೀಲಾ...

"ಅವ್ವ, ಹೇಳಬಾರ್ದು ಅಂತ ಇಲ್ಲಿ ಪದ್ಧತಿ ಅದ," ಎಂದ ಅವನು.

"ಅದು ನಿಮಗ. ನಾ ಏನ್ ನಿಮ್ಮ ಗುಂಪಿನಾಕೀ?" ನೀಲಾಬಾಯಿ ಹರಿಣಿಯ ಪಕ್ಕದಲ್ಲಿ ಕುಳಿತರು. "ಬಿಲ್ಡಿಂಗ್ ಕೆಲಸದಾಗ ಬುಟ್ಟಿ ಹೊರ್ತಿದ್ದೆ ತಂಗಿ. ಲಕ್ವಾ ಹೊಡೀತು, ಈ ಕೈ ಸತ್ತೇ ಹೋಯ್ತು. ದಿನಾ ಹೆಬ್ಬಟ್ಟು ಆಡಸ್ರಿ ಅಂದ್ರು ಡಾಕ್ಟರು. ಸುಮ್ಮ ಸುಮ್ಮನೆ ಯಾರ್ ಆಡಸ್ತಾರ? ಆಗ ಇಂವ ಇದನ್ನ ಕೊಟ್ಟ. ಬ್ಯಾರೇವಕ್ಕ ನಾಕ್ ನಾಕ್ ಗುಂಡಿ. ಇದಕ್ಕ ಒಂದೇ. ಒತ್ತೂದು, ಸೋಲೂದು. ಮೂರು ವರ್ಷ ಒತ್ತೀನಿ. ಈಗ ರೊಟ್ಟಿ ಬಡೀತೀನಿ."

ಎರಡು ಸಾವಿರದ ಇನ್ನೂರ ಹದಿನಾಲ್ಕು ಸೋಲು... ಅವು ಒಂದೂ ಸೋಲಾಗಿರಲಿಲ್ಲ.

"ಕೈ ಬಂತಲ್ಲ, ಇನ್ನ ಇದನ್ನ ಯಾರಿಗಾರ ಕೊಡು, ಆದ್ರ ಬಿಸಾಕೋರಿಗೆ ಕೊಡಬ್ಯಾಡ ಅಂದೆ. ಒಂದಿನ ಮನೀಗ ಬಂದು ಹೇಳ್ದ, ಅವ್ವ, ಎದುರಾಳಿಗೇ ಚಾರ್ಜ್ ಕೊಟ್ಟು ಸೋತ ಹುಡುಗಿ ಒಬ್ಬಾಕಿ ಬಂದಾಳ, ಆಕಿಗೆ ಕೊಟ್ಟೀನಿ ಅಂತ."

ನೀಲಾಬಾಯಿ ಮಗನ ಮುಖ ನೋಡಿ, ಇನ್ನು ತನ್ನ ಕೆಲಸವಿಲ್ಲವೆಂಬಂತೆ ಎದ್ದು, ಮುಚ್ಚಿಟ್ಟಿದ್ದ ಅರ್ಧ ಲೋಟ ಚಹಾದ ಕಡೆ ಹೋದರು.

ಹರಿಣಿ ಯಲ್ಲಾಲಿಂಗನ ಕಡೆ ತಿರುಗಿದಳು.

"ನೀವು ಬೇಕೂಂತ ಸೋತದ್ದಾ?"

"ಇಲ್ರಿ. ಹಂಗ ಮಾಡಿದ್ರ ಅವ್ವ ಮನೀ ಒಳಗ ಸೇರಸ್ತಿದ್ದಿಲ್ಲ." ಅವನು ಸಣ್ಣಗೆ ನಕ್ಕು ಫೋನು ಮುಂದಿಟ್ಟ. "ತಗೋರಿ ನಿಮ್ಮ ರಾಣಿನ. ಮಾತಂದ್ರ ಮಾತು."

"ತಗೊಂಡ್ರೆ ನೀಲಾಳನ್ನು ಕೊಡಬೇಕಲ್ವಾ?"

"ಹೌದ್ರಿ. ಬದಲಿ ಕೊಡ್ಲಿಲ್ಲಂದ್ರ ಆಟ ಒಪ್ಪಂಗಿಲ್ಲ."

ನಾಲ್ಕು ತಿಂಗಳು ಈ ಒಂದು ಗಳಿಗೆಗಾಗಿ ಅವಳು ಹಲ್ಲು ಕಚ್ಚಿದ್ದಳು. ಪರದೆಯ ಮೇಲೆ 'ಬದಲಿಸು' ಎಂಬ ಹಸಿರು ಗುಂಡಿ ಹೊಳೆಯುತ್ತಿತ್ತು. ಹರಿಣಿ ಅದನ್ನು ಒತ್ತಲಿಲ್ಲ. ಫೋನನ್ನು ಮಗುಚಿಟ್ಟಳು.

"ರಾಣಿ ನಿಮ್ಮ ಹತ್ತಿರವೇ ಇರ್ಲಿ. ನೋಡ್ಬೇಕು ಅನಿಸಿದಾಗ ನಾನೇ ಬರ್ತೇನೆ."

"ಯಾವಾಗ ಅನಸ್ತದ ರಿ?"

"ದಿನಾ ಅನಿಸಿದ್ರೆ?"

ಸ್ಟುಡಿಯೋದ ದೊಡ್ಡ ದೀಪಗಳ ಕೆಳಗೆ ನಿಂತು ಅಭ್ಯಾಸವಾದ ಯಲ್ಲಾಲಿಂಗ, ಈಗ ಅವಳ ಕಣ್ಣಿನ ಬೆಳಕಿಗೆ ರೆಪ್ಪೆ ಬಡಿದ.

"ನನಗ ಮೊದಲ ದಿನದಿಂದನ ಅನಸ್ಲಾಕತ್ತದ ರಿ," ಎಂದ. "ಹೇಳ್ಲಾಕ ಪದ್ಧತಿ ಬಿಡ್ಲಿಲ್ಲ."

ಅವನು ಕೈ ಚಾಚಿದ. ಹರಿಣಿ ತನ್ನ ಬೆರಳುಗಳನ್ನು ಅದರೊಳಗಿಟ್ಟಳು.

"ನಡುಗ್ಲಾಕತ್ತೀರಲ್ರಿ," ಎಂದ ಮೆಲ್ಲಗೆ.

"ಇಲ್ಲ," ಎಂದಳು ಹರಿಣಿ, ಕೈ ಬಿಡದೆ. "ಗಟ್ಟಿಯಾಗ್ತಾ ಇದ್ದೇನೆ."