ಮುಚ್ಚಳದ ಮೇಲೆ ಹನ್ನೊಂದು ಚುಕ್ಕೆ

ಅಕ್ಕನನ್ನು ಕೆಲಸದಿಂದ ತೆಗೆದ ಮಾರನೆಯ ದಿನ ನಾನು ಸ್ಪ್ಯಾನರ್ ಹಿಡಿದುಕೊಂಡೇ ಅತ್ತೆಮ್ಮನ ಬಾಗಿಲು ತಟ್ಟಿದೆ. ನಮ್ಮ ಗ್ಯಾರೇಜಿನ ಮೇಲಿನ ಮನೆ ಅವರದು. ಮೂವತ್ತು ವರ್ಷ ಪೊಲೀಸರ ಪರೀಕ್ಷಾಲಯದಲ್ಲಿ ರಕ್ತ, ವಿಷ ಅಂತ ನೋಡಿ ನಿವೃತ್ತರಾದವರು. ಬೀದಿಯಲ್ಲಿ ಯಾರ ಮೇಲೆ ಸುಳ್ಳು ಆರೋಪ ಬಂದರೂ ಜನ ಮೊದಲು ಅವರ ಮೆಟ್ಟಿಲು ಹತ್ತುತ್ತಿದ್ದರು. ಅವರ ಚೀಲ ಹೊತ್ತು ಹಿಂದೆ ತಿರುಗುವವನು ನಾನು.

"ಸ್ಪ್ಯಾನರ್ ಕೆಳಗಿಡು. ಯಾರ ತಲೆ ಒಡೀಬೇಕು ಅಂತ ಆಮೇಲೆ ಹೇಳ್ತೀನಿ," ಅಂದರು.

ನಡೆದದ್ದಿಷ್ಟು. ಅಕ್ಕ ಒಂದು ಸಂಶೋಧನಾಲಯದಲ್ಲಿ ಕಸ ಗುಡಿಸುತ್ತಿದ್ದಳು. ಶನಿವಾರ ಸಂಜೆ ಕೊನೆಯದಾಗಿ ಹೊರಟವಳು ಅವಳೇ. ಸೋಮವಾರ ಮೊದಲು ಬಂದ ಸಂಶೋಧಕನಿಗೆ ಫ್ರೀಜರಿನ ಪ್ಲಗ್ಗು ಕಿತ್ತು ಬಿದ್ದಿದ್ದು ಕಂಡಿತಂತೆ. ಒಳಗಿದ್ದದ್ದೆಲ್ಲ ನೀರಾಗಿತ್ತಂತೆ, ಅವನ ಆರು ವಾರದ ಪ್ರೋಟೀನು ಕೆಟ್ಟಿತ್ತಂತೆ. ಪ್ಲಗ್ಗನ್ನು ಅವನೇ ಮತ್ತೆ ಸಿಕ್ಕಿಸಿದನಂತೆ. ಮುಖ್ಯಸ್ಥೆ ಫ್ರೀಜರಿನ ಬಾಗಿಲನ್ನೂ ತೆರೆದು ನೋಡಲಿಲ್ಲ. ಎಲ್ಲರೆದುರು ಅಕ್ಕನ ಮೇಲೆ ಕೂಗಾಡಿ, ಹೊರಗೆ ಕಳಿಸಿದರು. ಇನ್ನು ಊರಿನ ಯಾವ ಆಸ್ಪತ್ರೆ, ಯಾವ ಕಚೇರಿ ಅವಳ ಕೈಗೆ ಪೊರಕೆ ಕೊಡುತ್ತಿತ್ತು?

ಅತ್ತೆಮ್ಮನ ಹೆಸರು ಕೇಳಿದ್ದ ಮುಖ್ಯಸ್ಥೆ ನಮ್ಮನ್ನು ಸಂಶೋಧನಾಲಯದೊಳಗೆ ಬಿಟ್ಟರು. ಅತ್ತೆಮ್ಮ ಹೋದ ಕೂಡಲೆ ಪ್ರೋಟೀನಿನ ಬಾಟಲಿ ಕೇಳಿದರು. ನೀರಿನಂತಿರಬೇಕಾದದ್ದು ಒಡೆದ ಹಾಲಿನಂತಿತ್ತು. ಮುಚ್ಚಳದ ಮೇಲೆ ಪೆನ್ನಿನ ಚುಕ್ಕೆಗಳು. ಎಣಿಸಿದೆ, ಹನ್ನೊಂದು.

"ಹೊರಗೆ ತೆಗೆದಾಗೆಲ್ಲ ಒಂದು ಚುಕ್ಕೆ ಇಡೋದು ಇಲ್ಲಿನ ರೂಢಿ," ಅಂದರು ಮುಖ್ಯಸ್ಥೆ.

ಗೋಡೆಯ ಮೇಲೊಂದು ಸೂಚನೆ ಇತ್ತು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಆದರೂ ಓದಿದೆ. 'ತಯಾರಾದ ದಿನವೇ ಸಣ್ಣ ಟ್ಯೂಬುಗಳಿಗೆ ಹಂಚಿ. ಒಂದು ಟ್ಯೂಬನ್ನು ಒಂದೇ ಸಲ ಕರಗಿಸಿ.'

ಅತ್ತೆಮ್ಮ ಫ್ರೀಜರಿನ ಹಿಂಬದಿಗೆ ಕೈ ಹಾಕಿ, ಅಡ್ಡ ಬಿದ್ದಿದ್ದ ಬೆರಳುದ್ದದ ಟ್ಯೂಬೊಂದನ್ನು ಎತ್ತಿದರು. ಅರ್ಧದವರೆಗೆ ಮಂಜುಗಡ್ಡೆ, ಅದೂ ಪೂರ್ತಿ ತಳದಲ್ಲೇ.

"ಇದು ಯಾವಾಗಿಂದ ಹೀಗೆ ಮಲಗಿದೆ ಸ್ವಾಮಿ?"

"ಹೋದ ತಿಂಗಳಿಂದ. ಕೈಗೆ ಎಟುಕಲ್ಲ ಅಂತ ಬಿಟ್ಟೆ," ಅಂದ ಸಂಶೋಧಕ.

"ಸೋಮವಾರಾನೂ ಮುಟ್ಟಲಿಲ್ವಾ?"

"ಇಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಎಲ್ಲರನ್ನೂ ಕರೀರಿ. ಇವನ ಅಕ್ಕನ್ನೂ," ಅಂದರು ಅತ್ತೆಮ್ಮ.

ಮಧ್ಯಾಹ್ನ ಎಲ್ಲರೂ ಸೇರಿದರು. ಅಕ್ಕ ಬಾಗಿಲ ಹತ್ತಿರವೇ ನಿಂತಳು. ಅತ್ತೆಮ್ಮ ಅವಳನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದರು.

"ಪ್ರೋಟೀನು ಅಂದ್ರೆ ಒಂದು ಉದ್ದನೆ ಸರ," ಅಂತ ಶುರು ಮಾಡಿದರು. "ಸರಿಯಾಗಿ ಮಡಚಿಕೊಂಡಿದ್ರೇನೇ ಅದು ಕೆಲಸ ಮಾಡೋದು. ಮಡಿಕೆ ಬಿಚ್ಚಿದ್ರೆ ಒಂದಕ್ಕೊಂದು ಅಂಟಿ ಮುದ್ದೆ. ಬೆಂದ ಮೊಟ್ಟೇನ ಮತ್ತೆ ಹಸಿ ಮಾಡೋಕಾಗುತ್ತಾ? ಮನುಷ್ಯನ ಮೆದುಳಲ್ಲಿ ಇಂಥ ಮುದ್ದೆ ಕಟ್ಟಿದ್ರೆ ನೆನಪು ಹೋಗುತ್ತೆ, ನಡಿಗೆ ಹೋಗುತ್ತೆ. ನೀವೆಲ್ಲ ಔಷಧಿ ಹುಡುಕ್ತಿರೋದು ಅದಕ್ಕೇ ಅಲ್ವಾ?"

ಮುಖ್ಯಸ್ಥೆ ತಲೆಯಾಡಿಸಿದರು.

"ಈಗ ಈ ಟ್ಯೂಬು. ಒಂದೂವರೆ ದಿನ ಕರೆಂಟಿಲ್ಲದೆ ಒಳಗೆಲ್ಲ ನೀರಾಗಿದ್ರೆ, ಅಡ್ಡ ಮಲಗಿದ್ದ ಇದೂ ಕರಗಿ ಉದ್ದಕ್ಕೂ ಹರಡಬೇಕಿತ್ತು. ಮತ್ತೆ ಹೆಪ್ಪುಗಟ್ಟಿದಾಗ ಉದ್ದಕ್ಕೇ ಗಟ್ಟಿಯಾಗಬೇಕಿತ್ತು. ಆದ್ರೆ ಗಡ್ಡೆ ತಳದಲ್ಲೇ ಇದೆ. ನೆಟ್ಟಗೆ ನಿಂತಾಗ ಗಟ್ಟಿಯಾದದ್ದು, ಆಮೇಲೆ ಕರಗೇ ಇಲ್ಲ. ಅಂದ್ರೆ ಫ್ರೀಜರು ನಿಂತೇ ಇಲ್ಲ. ಈ ಸ್ವಾಮಿ ಪ್ಲಗ್ಗು ಕಿತ್ತದ್ದು ಬರೀ ಬಾಯಲ್ಲಿ."

"ಹಾಗಾದ್ರೆ ಪ್ರೋಟೀನು ಕೆಟ್ಟಿದ್ದು?" ಕೇಳಿದರು ಮುಖ್ಯಸ್ಥೆ.

"ಚುಕ್ಕೆ ಎಣಿಸಿ. ಗೋಡೆ ಮೇಲೆ ನೀವೇ ಬರೆದಿದ್ದೀರಿ, ಹಂಚಿಡಿ ಅಂತ. ಇವರು ಎಲ್ಲಾನೂ ಒಂದೇ ಬಾಟಲಿಗೆ ಸುರಿದರು. ಹನ್ನೊಂದು ಸಲ ಕರಗಿಸಿ, ಬೇಕಾದಷ್ಟು ತಗೊಂಡು, ಮತ್ತೆ ಹೆಪ್ಪುಗಟ್ಟಿಸಿದರು. ಒಂದೊಂದು ಸಲಕ್ಕೂ ಒಂದಷ್ಟು ಮಡಿಕೆ ಬಿಚ್ಚಿತು. ತಂಪಲ್ಲಿಟ್ಟರೆ ಆಯ್ತು ಅಂದ್ಕೊಂಡಿದ್ರು."

ಎಲ್ಲರ ಕಣ್ಣೂ ಅವನ ಮೇಲೆ.

"ಟ್ಯೂಬು ತುಂಬೋಕೆ ಒಂದು ದಿನ ಹಿಡಿಯುತ್ತೆ," ಅಂದ ಅವನು, ನೆಲ ನೋಡುತ್ತಾ. "ಪ್ರೋಟೀನು ಶುಕ್ರವಾರವೇ ಒಡೆದಿತ್ತು. ಹೇಳಿದ್ರೆ ನನ್ನನ್ನ ತೆಗೀತಿದ್ರು."

"ಅದಕ್ಕೆ ನಮ್ಮಕ್ಕನ ಹೆಸರು ಹೇಳ್ದೆ," ಅಂದೆ. "ಒಂದು ದಿನದ ಸೋಮಾರಿತನಕ್ಕೆ ಅವಳ ಅನ್ನ ಕಿತ್ಕೊಂಡೆ. ಗುಡಿಸೋರು ತಿರುಗಿ ಮಾತಾಡಲ್ಲ ಅಂತ ಅಲ್ವಾ?"

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆಮ್ಮ ಅಂಗಿ ಹಿಡಿದು ಹಿಂದೆ ಎಳೆದರು.

ಮುಖ್ಯಸ್ಥೆ ಅಕ್ಕನ ಹತ್ತಿರ ಬಂದು ಮೆಲ್ಲಗೆ, "ತಪ್ಪಾಯ್ತಮ್ಮ. ನಾಳೆಯಿಂದ ಬಾ," ಅಂದರು.

ಅಕ್ಕ ಏಳಲಿಲ್ಲ. "ಬರ್ತೀನಿ ಮೇಡಂ. ಆದ್ರೆ ನಿನ್ನೆ ಬೈದಾಗ ಗೇಟಿನ ವಾಚ್‌ಮ್ಯಾನ್‌ಗೂ ಕೇಳಿಸಿತ್ತು. ಇದೂ ಅಷ್ಟೇ ಜೋರಾಗಿ ಹೇಳಿ."

ಮುಖ್ಯಸ್ಥೆ ಗಂಟಲು ಸರಿ ಮಾಡಿಕೊಂಡು ಇನ್ನೊಮ್ಮೆ ಹೇಳಿದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ವಾಚ್‌ಮ್ಯಾನ್ ತಿರುಗಿರಲಿಲ್ಲ.

"ಇನ್ನೂ ಸ್ವಲ್ಪ ಜೋರಾಗಿ, ಮೇಡಂ," ಅಂದೆ.